ಸೆರಗು ಜಗ್ಗುವ ಹುಡುಗಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಹೇಳಿದ್ದು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ಗ್ರೀಕ್ ಮಹಾಕಾವ್ಯ ಇಲಿಯಡ್‌ನ ಉಪಮೆಗಳಿಗೆ ಹತ್ತನೇ ಕ್ಲಾಸಿನಲ್ಲಿ ಕಲಿತ ಹಾಗೆ ಉಪಮೇಯ, ಉಪಮಾನ, ಸಮಾನಧರ್ಮ ಅಂತ ಬರೆಯಲು ಹೋದೆ, ಅರ್ಧಕ್ಕರ್ಧ ಮಾತು ಯಾವುದಕ್ಕೂ ಹೊಂದದೆ ಉಳಿದುಬಿಟ್ಟಿತು ಅಂದೆ. ಆ ಉಳಿದದ್ದನ್ನೇ ನೋಡು, ಕಂದ. ಕವಿ ಹೋಮರ್‌ನ ಜೀವ ಇರುವುದೇ ಅಲ್ಲಿ.

12ನೇ ಸರ್ಗ ತೆಗೆ. ಟ್ರಾಯ್ ನಗರವನ್ನು ಮುತ್ತಿದ ಗ್ರೀಕರು ಹಡಗುಗಳ ಕಾವಲಿಗೆ ಕಟ್ಟಿಕೊಂಡ ಗೋಡೆಯ ಮೇಲೆ ಕಾಳಗ. ಇವರೂ ಜಗ್ಗುವುದಿಲ್ಲ, ಟ್ರಾಯ್‌ನವರೂ ಜಗ್ಗುವುದಿಲ್ಲ. ಗೋಡೆಯ ತುಂಬ ರಕ್ತ. ಆಗ ಕವಿ ನೆನೆಯುವುದು ಕೂಲಿಗೆ ನೂಲುವ ಒಬ್ಬ ಹೆಂಗಸನ್ನು! ತಕ್ಕಡಿಯ ಒಂದು ಕಡೆ ತೂಕದ ಕಲ್ಲು, ಇನ್ನೊಂದು ಕಡೆ ಉಣ್ಣೆ. ಎರಡೂ ಸಮ ಬರುವ ತನಕ ಎತ್ತಿ ಹಿಡಿದು ನೋಡುತ್ತಾಳೆ. ಸಮಬಲದ ಕಾಳಗ ಅನ್ನಲು ಇಷ್ಟು ಸಾಕಿತ್ತು, ಅಲ್ವಾ? ಅವನು ಅಲ್ಲಿಗೆ ನಿಲ್ಲಿಸುವುದಿಲ್ಲ. ಮಕ್ಕಳಿಗೋಸ್ಕರ, ಸಿಗುವ ಪುಡಿಗಾಸಿಗೋಸ್ಕರ ತೂಗುತ್ತಿದ್ದಾಳೆ ಅನ್ನುತ್ತಾನೆ. ಆ ಮಕ್ಕಳಿಗೆ ಯುದ್ಧದಲ್ಲಿ ಯಾವ ಜೋಡಿಯೂ ಇಲ್ಲ. ಸುಮಾರು 2,700 ವರ್ಷ ಕಳೆದರೂ ಆ ಮನೆಯ ಹಸಿವು ನನಗೆ ಕಾಣುತ್ತದೆ.

16ನೇ ಸರ್ಗದ ಮೊದಲಲ್ಲೇ ಇನ್ನೊಂದಿದೆ. ಸಂಗಾತಿಗಳ ಪಾಡು ನೋಡಲಾರದೆ ಗ್ರೀಕ್ ಯೋಧ ಪೆಟ್ರೋಕ್ಲಸ್ ಅಳುತ್ತಾ ಬರುತ್ತಾನೆ. ಅವನ ಜೀವದ ಗೆಳೆಯ, ಗ್ರೀಕರ ಮಹಾವೀರ ಅಕಿಲೀಸ್ ಕೇಳುತ್ತಾನೆ: ಯಾಕೆ ಹೀಗೆ ಪುಟ್ಟ ಹುಡುಗಿಯ ಹಾಗೆ ಅಳುತ್ತೀಯ? ಎತ್ತಿಕೋ ಅಂತ ತಾಯಿಯ ಹಿಂದೆ ಓಡುವ ಹುಡುಗಿ. ಅಮ್ಮನಿಗೆ ಅವಸರ. ಇವಳು ಬಟ್ಟೆ ಹಿಡಿದು ಜಗ್ಗುತ್ತಾಳೆ, ಎತ್ತಿಕೊಳ್ಳುವ ತನಕ ಕಣ್ಣೀರಿನಲ್ಲೇ ಮೇಲೆ ನೋಡುತ್ತಾಳೆ.

ಎಂಟೂವರೆ ಬಸ್ಸಿಗೆ ಓಡುವಾಗ ನನ್ನ ಸೆರಗು ಹಿಡಿದು ಗೇಟಿನ ತನಕ ಬರುತ್ತಿದ್ದವಳು ನೀನು. ಎತ್ತಿಕೊಂಡ ದಿನ ಬಸ್ಸು ತಪ್ಪುತ್ತಿತ್ತು. ಎತ್ತಿಕೊಳ್ಳದ ದಿನ ಸಂಜೆಯ ತನಕ ಕೆಲಸದಲ್ಲಿ ಮನಸ್ಸು ನಿಲ್ಲುತ್ತಿರಲಿಲ್ಲ.

ಈಗ ಒಂದು ಕೆಲಸ ಮಾಡು. ಪೆಟ್ರೋಕ್ಲಸ್ ಹುಡುಗಿಯಾದರೆ ಅಕಿಲೀಸ್ ಯಾರು? ಆ ತಾಯಿ ತಾನೇ? ಅವನೇ ಅದನ್ನು ಅರಿಯದೆ ಆಡಿದ ಮಾತು ಅದು. ಕೊನೆಗೆ ಅವನು ಮಗುವನ್ನು ಎತ್ತಿಕೊಳ್ಳುತ್ತಾನೆ. ತನ್ನ ಕವಚವನ್ನೇ ತೊಡಿಸಿ ಯುದ್ಧಕ್ಕೆ ಕಳಿಸುತ್ತಾನೆ. ಟ್ರಾಯ್ ಕಡೆಯ ವೀರ ಹೆಕ್ಟರ್ ಕೈಯಲ್ಲಿ ಪೆಟ್ರೋಕ್ಲಸ್ ಸಾಯುತ್ತಾನೆ.

18ನೇ ಸರ್ಗದಲ್ಲಿ ಅಕಿಲೀಸ್ ಹೆಣದ ಎದೆಯ ಮೇಲೆ ಕೈಯಿಟ್ಟು ಗೋಳಾಡುವಾಗ ಹೋಮರ್ ಸಿಂಹವನ್ನು ತರುತ್ತಾನೆ. ಬೇಟೆಗಾರ ಮರಿಗಳನ್ನು ಕದ್ದೊಯ್ದಿದ್ದಾನೆ. ಸಿಂಹ ತಡವಾಗಿ ಬಂದು ಹೆಜ್ಜೆಯ ಜಾಡು ಹಿಡಿದು ಕಣಿವೆ ಕಣಿವೆ ಅಲೆಯುತ್ತದೆ. ಇಲ್ಲೂ ಅಕಿಲೀಸ್ ಮಗುವಿರುವ ಜೀವವೇ. ಎರಡು ಸರ್ಗದ ಹಿಂದಿನ ಆ ಹುಡುಗಿಯನ್ನು ಮರೆತು ಈ ಸಿಂಹವನ್ನು ಓದಬೇಡ. ಎರಡನ್ನೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಬರೆದುಕೋ. ಆ 'ತಡವಾಗಿ' ಅನ್ನುವ ಪದಕ್ಕೆ ಗೆರೆ ಎಳೆ.

ಓದಿ ಮುಗಿಸಿದ ಮೇಲೆ ಫೋನ್ ಮಾಡು. ಎಷ್ಟು ಹೊತ್ತಾದರೂ ಪರವಾಗಿಲ್ಲ, ಎದ್ದಿರುತ್ತೇನೆ.

ನಿನ್ನ
ಅಮ್ಮ