ಗೋಲು ಬರದ ವರ್ಷಗಳ ಬಗ್ಗೆ, ಅಕ್ಕನಿಗೆ

ಕ್ಯಾನ್ಸಸ್ ಸಿಟಿ, ಮಿಸೌರಿ

ಪ್ರೀತಿಯ ಅಕ್ಕ, ಭಾವ,

ನಾನು ಇಲ್ಲಿ ಚೆನ್ನಾಗಿದ್ದೇನೆ. ಅಮ್ಮನ ಮಂಡಿ ನೋವು ಈಗ ಹೇಗಿದೆ? ಎಣ್ಣೆ ಹಚ್ಚಿಕೊಂಡು ಕೂತರೆ ಆಗುವುದಿಲ್ಲ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ದಿನಾ ಮಾಡಲೇಬೇಕು ಅಂತ ನನ್ನ ಪರವಾಗಿ ಸ್ವಲ್ಪ ಗದರು.

ಈ ಕಾಗದ ಪುಟ್ಟನ ವಿಷಯಕ್ಕೇ ಬರೆಯುತ್ತಿದ್ದೇನೆ. ಜಿಲ್ಲಾ ಫುಟ್ಬಾಲ್ ತಂಡದ ಪಟ್ಟಿಯಲ್ಲಿ ಅವನ ಹೆಸರು ಬರಲಿಲ್ಲ, ಆಮೇಲೆ ಮೈದಾನದ ಕಡೆಗೇ ತಲೆ ಹಾಕಿಲ್ಲ ಅಂದೆಯಲ್ಲ. 'ನಾನು ಫಾರ್ವರ್ಡ್, ನನಗೆ ಗೋಲೇ ಬರ್ತಿಲ್ಲ, ಇನ್ಯಾಕೆ ಆಡ್ಲಿ' ಅಂದನಂತೆ. ಭಾವ 'ಹೇಗೂ ಎಸ್ಸೆಸ್ಸೆಲ್ಸಿ ವರ್ಷ, ಒಳ್ಳೆಯದೇ ಆಯ್ತು' ಅಂದರಂತೆ. ಭಾವ, ನಿಮಗೆ ಎದುರು ಮಾತಾಡುತ್ತಿಲ್ಲ. ಓದಿಗೋಸ್ಕರ ಆಟ ಕಡಿಮೆ ಮಾಡಿದರೆ ಅದು ಬೇರೆ. ಗೋಲು ಬರಲಿಲ್ಲ ಅಂತ ಆಟ ಬಿಟ್ಟರೆ ಅದು ಬೇರೆ. ಎರಡನೆಯದಕ್ಕೆ ನನ್ನ ಒಪ್ಪಿಗೆ ಇಲ್ಲ. ಯಾಕೆ ಅಂತ ಹೇಳುತ್ತೇನೆ. ಇದನ್ನು ಅವನಿಗೂ ಓದಲು ಕೊಡಿ.

ನಾನಿರುವ ಈ ಊರಿನ ತಂಡದಲ್ಲೇ ಸುನಿಲ್ ಛೆಟ್ರಿ ಇದ್ದರು ಅಂತ ಅವನಿಗೆ ಗೊತ್ತಾ? 2010ರಲ್ಲಿ. ಆಗ ಇಲ್ಲಿನ ತಂಡದ ಹೆಸರು ಕ್ಯಾನ್ಸಸ್ ಸಿಟಿ ವಿಝರ್ಡ್ಸ್, ಈಗ ಸ್ಪೋರ್ಟಿಂಗ್ ಕ್ಯಾನ್ಸಸ್ ಸಿಟಿ. ಆಗ ಅವರಿಗೆ ಸ್ವಂತ ಫುಟ್ಬಾಲ್ ಸ್ಟೇಡಿಯಂ ಕೂಡ ಇರಲಿಲ್ಲ, ಬೇಸ್‌ಬಾಲ್ ಮೈದಾನದಲ್ಲಿ ಆಡುತ್ತಿದ್ದರು. ಅಲ್ಲಿಗೆ ನಮ್ಮ ದೇಶದ ಅತಿ ದೊಡ್ಡ ಸ್ಟ್ರೈಕರ್, ಅಂದರೆ ಪುಟ್ಟನ ಹಾಗೇ ಮುಂದೆ ನಿಂತು ಗೋಲು ಹೊಡೆಯಬೇಕಾದ ಫಾರ್ವರ್ಡ್, ಬಂದು ಸೇರಿದರು.

ಅದಕ್ಕೂ ಹಿಂದಿನ ವರ್ಷ ಏನಾಗಿತ್ತು ಅಂತ ಕೇಳಿ. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡ ಅವರನ್ನು ತೆಗೆದುಕೊಳ್ಳಲು ಒಪ್ಪಿತ್ತು. ಬ್ರಿಟನ್ ಸರ್ಕಾರ ಕೆಲಸದ ಪರವಾನಗಿ ಕೊಡಲಿಲ್ಲ. ಕಾರಣ, ಫೀಫಾ ಪಟ್ಟಿಯಲ್ಲಿ ಭಾರತ ಮೊದಲ 70 ದೇಶಗಳೊಳಗೆ ಇರಲಿಲ್ಲ. ಅವರ ಕಾಲಿನಲ್ಲಿ ಕೊರತೆ ಇತ್ತು ಅಂತಲ್ಲ, ದೇಶದ ರ‍್ಯಾಂಕಿಂಗ್ ಸಾಲದು ಅಂತ. ಇಪ್ಪತ್ತೈದರ ವಯಸ್ಸಿನಲ್ಲಿ ಅಂಥ ಬಾಗಿಲು ಮುಚ್ಚಿಕೊಂಡರೆ ಹೇಗಿರುತ್ತೆ ಅಲ್ವಾ?

ಆಮೇಲೆ ಈ ಊರು. ಇಲ್ಲಿನ ಲೀಗಿನಲ್ಲಿ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಯುಎಸ್ ಓಪನ್ ಕಪ್‌ನ ಅರ್ಹತಾ ಪಂದ್ಯವೊಂದರಲ್ಲಿ ಕೊಲರಾಡೊ ರಾಪಿಡ್ಸ್ ವಿರುದ್ಧ ಆಡಿದರು, ತಂಡ ಸೋತಿತು. ಜುಲೈನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಇಲ್ಲಿಗೆ ಸ್ನೇಹಪಂದ್ಯಕ್ಕೆ ಬಂತು. ಆರೋಹೆಡ್ ಸ್ಟೇಡಿಯಂನಲ್ಲಿ 50 ಸಾವಿರಕ್ಕೂ ಜಾಸ್ತಿ ಜನ. ಹತ್ತೇ ಜನರಾಗಿ ಉಳಿದರೂ ವಿಝರ್ಡ್ಸ್ 2-1ರಿಂದ ಗೆದ್ದರು. ಛೆಟ್ರಿ ಎರಡನೇ ಅವಧಿಯಲ್ಲಿ ಬದಲಿಯಾಗಿ ಬಂದರು. ಗೆಲುವಿನ ಗೋಲು ಹೊಡೆದವರು ಸಿಯೆರಾ ಲಿಯೋನ್‌ನ ಕೀ ಕಮಾರಾ. ಅದೇ ಜಾಗಕ್ಕೆ ತಂಡದಲ್ಲಿ ಪೈಪೋಟಿ ಕೊಡುತ್ತಿದ್ದವರು. ಮುಂದೆ ಇಡೀ ಅಮೆರಿಕನ್ ಲೀಗಿನ ಇತಿಹಾಸದಲ್ಲೇ ಎರಡನೇ ಅತಿ ಹೆಚ್ಚು ಗೋಲು ಹೊಡೆದವರಾದರು. ಅಂಥವರು ಮುಂದಿದ್ದಾಗ ಬೆಂಚಿನಲ್ಲಿ ಕೂರುವುದು ಅವಮಾನ ಅಲ್ಲ, ಪುಟ್ಟ. ಅಷ್ಟು ಒಳ್ಳೆಯವರ ಜೊತೆ ದಿನಾ ಅಭ್ಯಾಸ ಮಾಡುವುದು ಎಷ್ಟು ಜನರಿಗೆ ಸಿಗುತ್ತೆ ಹೇಳು.

2012ರಲ್ಲಿ ಮತ್ತೆ ಹೊರಟರು, ಪೋರ್ಚುಗಲ್‌ಗೆ. ಸ್ಪೋರ್ಟಿಂಗ್ ಲಿಸ್ಬನ್‌ನ ಎರಡನೇ ತಂಡ. ಅಲ್ಲೂ ಬೆರಳೆಣಿಕೆಯ ಪಂದ್ಯಗಳು. ವಾಪಸ್ ಬಂದರು. ಅಂದರೆ ವಿದೇಶದ ಲೆಕ್ಕ ಬರೆದರೆ ಆ ಪುಟ ಹೆಚ್ಚುಕಮ್ಮಿ ಖಾಲಿ. ಅದೇ ಮನುಷ್ಯನ ಹೆಸರಲ್ಲಿ ಈಗ ದೇಶಕ್ಕಾಗಿ ಹೊಡೆದ 95 ಗೋಲುಗಳಿವೆ. ರೊನಾಲ್ಡೊ, ಮೆಸ್ಸಿ, ಇರಾನಿನ ಅಲಿ ದಾಯಿ, ಈ ಮೂವರನ್ನು ಬಿಟ್ಟರೆ ಗಂಡಸರ ಅಂತಾರಾಷ್ಟ್ರೀಯ ಫುಟ್ಬಾಲಿನಲ್ಲಿ ಅವರಷ್ಟು ಗೋಲು ಹೊಡೆದವರಿಲ್ಲ.

ಗೋಲಿನ ಸಂಖ್ಯೆ ಎಲ್ಲರೂ ಹೇಳುತ್ತಾರೆ. ನನಗೆ ಹೇಳಬೇಕು ಅನ್ನಿಸುವುದು ಇನ್ನೊಂದು. 90 ನಿಮಿಷದ ಪಂದ್ಯದಲ್ಲಿ ಫಾರ್ವರ್ಡ್ ಕಾಲಿಗೆ ಚೆಂಡು ಸಿಗುವುದು ಎಲ್ಲಾ ಸೇರಿ ಒಂದೆರಡು ನಿಮಿಷ ಅಷ್ಟೇ. ಉಳಿದ ಹೊತ್ತೆಲ್ಲ ಚೆಂಡಿಲ್ಲದ ಓಟ. ಡಿಫೆಂಡರ್ ಚೆಂಡಿನ ಕಡೆ ನೋಡುವಾಗ ಅವನ ಬೆನ್ನ ಹಿಂದೆ ಜಾರಿಕೊಳ್ಳಬೇಕು. ಎರಡು ಹೆಜ್ಜೆ ಹಿಂದೆ ಬಂದು, ಅವನನ್ನೂ ಎಳೆದುಕೊಂಡು, ತಟ್ಟನೆ ಮುಂದಕ್ಕೆ ತಿರುಗಬೇಕು. ಆಫ್‌ಸೈಡ್ ಆಗದ ಹಾಗೆ, ಎದುರಾಳಿಯ ಕೊನೆಯ ಡಿಫೆಂಡರ್‌ನ ಸಾಲಿಗೆ ಸರಿಯಾಗಿ ನಿಲ್ಲಬೇಕು. ಇಷ್ಟೆಲ್ಲ ಮಾಡಿದರೂ ಪಾಸ್ ಬರದೇ ಇರಬಹುದು. ಹತ್ತು ಸಲ ಓಡಿದರೆ ಒಂಬತ್ತು ಸಲ ಬರುವುದಿಲ್ಲ. ಹತ್ತನೇ ಸಲ ಬಂದಾಗ ನೀನು ನಿಂತುಬಿಟ್ಟಿದ್ದರೆ ಗೋಲು ಹೋಯಿತು.

2023ರ ಜೂನ್ 21, ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿ, ನಮ್ಮ ಕಂಠೀರವದಲ್ಲೇ ಪಾಕಿಸ್ತಾನದ ವಿರುದ್ಧ ಪಂದ್ಯ. ಇಲ್ಲಿ ಬೆಳಿಗ್ಗೆ, ನಾನು ಕೆಲಸದ ನಡುವೆ ಫೋನಿನಲ್ಲಿ ನೋಡುತ್ತಿದ್ದೆ. ಹತ್ತನೇ ನಿಮಿಷ. ಪಾಕಿಸ್ತಾನದವರು ಚೆಂಡನ್ನು ತಮ್ಮ ಗೋಲ್‌ಕೀಪರ್‌ಗೇ ಹಿಂದಕ್ಕೆ ಕೊಟ್ಟರು. ದಿನಾ ನೂರು ಸಲ ನಡೆಯುವ, ಯಾರೂ ಗಮನಿಸದ ಪಾಸ್ ಅದು. ಛೆಟ್ರಿ ಅದರ ಹಿಂದೆಯೂ ಓಡಿದರು. ಆಗ ಅವರಿಗೆ 38 ದಾಟಿತ್ತು! ಗೋಲ್‌ಕೀಪರ್ ಚೆಂಡು ನಿಯಂತ್ರಿಸಲು ಎಡವಿದ, ಛೆಟ್ರಿ ಅಲ್ಲೇ ಇದ್ದರು, ಒಳಗೆ ತಳ್ಳಿದರು. ಆಮೇಲೆ ಎರಡು ಪೆನಾಲ್ಟಿ. ಹ್ಯಾಟ್ರಿಕ್, 4-0. 'ಗೋಲ್‌ಕೀಪರ್ ತಪ್ಪಿಗೆ ಸಿಕ್ಕ ಗೋಲು' ಅಂತ ಕೆಲವರು ಅಂದರು. ನನಗೆ ಹಾಗನ್ನಿಸುವುದಿಲ್ಲ. ಯಾರೂ ಓಡದಿದ್ದರೆ ಗೋಲ್‌ಕೀಪರ್‌ಗೆ ಗಾಬರಿಯೇ ಇರುತ್ತಿರಲಿಲ್ಲ. ಪುಟ್ಟನಿಗೆ ಆ ಮೊದಲ ಗೋಲಿನ ವಿಡಿಯೋ ತೋರಿಸು. ಬೇರೆ ಯಾವ ಬೈಸಿಕಲ್ ಕಿಕ್ಕೂ ಬೇಡ.

ಭಾವ, ನಿಮಗೆ 2016ರ ಅಕ್ಟೋಬರ್ ನೆನಪಿದೆ ತಾನೇ? ದಸರಾ ಮುಗಿದು ವಾರವಾಗಿತ್ತು. ಏಷ್ಯಾದ ಕ್ಲಬ್‌ಗಳು ಆಡುವ ಎಎಫ್‌ಸಿ ಕಪ್‌ನ ಸೆಮಿಫೈನಲ್, ಬೆಂಗಳೂರು ಎಫ್‌ಸಿ ಮೇಲೆ ಮಲೇಷ್ಯಾದ ಜೊಹೊರ್. ನಾವಿಬ್ಬರೂ ಮೈಸೂರಿಂದ ಹೋಗಿದ್ದೆವು. ಮೊದಲು ಗೋಲು ಹೊಡೆದವರು ಅವರು. ಸ್ಟೇಡಿಯಂ ಒಂದು ಕ್ಷಣ ತಣ್ಣಗಾಯಿತು, ವೆಸ್ಟ್ ಬ್ಲಾಕಿನಲ್ಲಿ ಕೂರುವ ನಮ್ಮ ಅಭಿಮಾನಿ ಹುಡುಗರು ಮಾತ್ರ ಡ್ರಮ್ಮು ನಿಲ್ಲಿಸಲಿಲ್ಲ. ಮೊದಲರ್ಧ ಮುಗಿಯುವ ಮುಂಚೆ ಕಾರ್ನರ್ ಸಿಕ್ಕಿತು, ನಮ್ಮ ಲಿಂಗ್ಡೋ ಒದ್ದರು, ಛೆಟ್ರಿ ತಲೆಯಲ್ಲಿ ಹೊಡೆದರು. ಐದೂಮುಕ್ಕಾಲು ಅಡಿಯೂ ಇಲ್ಲದ ಮನುಷ್ಯ! ಅಷ್ಟು ಎತ್ತರದ ಡಿಫೆಂಡರ್‌ಗಳ ನಡುವೆ ಹೇಗೆ ಸಿಕ್ಕಿತು ಅಂತ ನೀವೇ ಕೇಳಿದಿರಿ. ಅವರು ಎಲ್ಲರಿಗಿಂತ ಎತ್ತರ ನೆಗೆಯುವವರಲ್ಲ, ಎಲ್ಲರಿಗಿಂತ ಸ್ವಲ್ಪ ಮುಂಚೆ ನೆಗೆಯುವವರು. ಎರಡನೇ ಗೋಲು ಬಾಕ್ಸಿನ ಹೊರಗಿಂದ ಬಂತು. ಆಮೇಲೆ ನಮ್ಮ ತಂಡದ ಹುವಾನನ್ ಹೊಡೆದರು, 3-1. ಭಾರತದ ಕ್ಲಬ್ ಒಂದು ಆ ಫೈನಲ್ ತಲುಪಿದ್ದು ಅದೇ ಮೊದಲು. ರಾತ್ರಿ ಬಸ್ಸಿನಲ್ಲಿ ಮದ್ದೂರು ದಾಟುವವರೆಗೂ ನೀವು ಆ ಎರಡನೇ ಗೋಲಿನ ಬಗ್ಗೆಯೇ ಮಾತಾಡುತ್ತಿದ್ದಿರಿ. ಪಕ್ಕದ ಸೀಟಿನವರು ಮಲಗಲು ಬಿಡಿ ಸ್ವಾಮಿ ಅಂದಿದ್ದರು. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ತಂಡದ ಕೈಲಿ 1-0ರಿಂದ ಸೋತಾಗ ಎರಡು ದಿನ ಮುಖ ಗಂಟಿಕ್ಕಿಕೊಂಡಿದ್ದವರೂ ನೀವೇ.

ಛೆಟ್ರಿ 2002ರಲ್ಲಿ ಮೋಹನ್ ಬಾಗಾನ್ ಸೇರಿದಾಗ ಇನ್ನೂ ಹದಿಹರೆಯದವರು. ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಹೀಗೆ ತಂಡ ಬದಲಿಸುತ್ತಾ ಬಂದರು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿದಾಗಲೇ ಆ ತಂಡಕ್ಕೆ ಬಂದರು, ಮೊದಲ ವರ್ಷವೇ ಆಗಿನ ರಾಷ್ಟ್ರೀಯ ಲೀಗ್ ಆಗಿದ್ದ ಐ-ಲೀಗ್ ಗೆದ್ದರು. 2008ರಲ್ಲಿ ದೆಹಲಿಯಲ್ಲಿ ತಜಿಕಿಸ್ತಾನದ ಮೇಲೆ ಎಎಫ್‌ಸಿ ಚಾಲೆಂಜ್ ಕಪ್ ಫೈನಲ್‌ನಲ್ಲಿ ಹ್ಯಾಟ್ರಿಕ್ ಹೊಡೆದು ಭಾರತವನ್ನು 2011ರ ಏಷ್ಯಾ ಕಪ್‌ಗೆ ಕರೆದೊಯ್ದಿದ್ದರು. ಇಷ್ಟೆಲ್ಲ ಆದಮೇಲೂ 2018ರಲ್ಲಿ ಮುಂಬೈಯಲ್ಲಿ ಅವರು ಹ್ಯಾಟ್ರಿಕ್ ಹೊಡೆದಾಗ ಸ್ಟೇಡಿಯಂನಲ್ಲಿ ಎರಡೂವರೆ ಸಾವಿರದಷ್ಟು ಜನ. ಬೈಯುವುದಾದರೂ ಸ್ಟೇಡಿಯಂಗೆ ಬಂದು ಬೈಯಿರಿ ಅಂತ ವಿಡಿಯೋ ಮಾಡಿ ಕೇಳಿಕೊಂಡರು. ಮುಂದಿನ ಪಂದ್ಯಕ್ಕೆ ಮಳೆಯಲ್ಲೂ ಟಿಕೆಟ್ ಖಾಲಿ. ಅದು ಅವರ 100ನೇ ಅಂತಾರಾಷ್ಟ್ರೀಯ ಪಂದ್ಯ, ಎರಡು ಗೋಲು ಹೊಡೆದರು. ಅವರು ಹಾಗೆ ಕೇಳಬೇಕಾಗಿ ಬಂದದ್ದು ನೆನೆದರೆ ನನಗೆ ಈಗಲೂ ಸಂಕಟ.

ಅಪ್ಪ ಇದ್ದಿದ್ದರೆ ರಾಮನ್ ಅವರ ಹೆಸರು ತೆಗೆಯದೆ ಬಿಡುತ್ತಿರಲಿಲ್ಲ. ಬೆಂಗಳೂರಿನ ಸಾರಂಗಪಾಣಿ ರಾಮನ್, ಫಾರ್ವರ್ಡ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಅವರದ್ದು. ನಮ್ಮವರಲ್ಲಿ ಬಹಳಷ್ಟು ಜನ ಬರಿಗಾಲಲ್ಲಿ ಆಡಿದ ಪಂದ್ಯ. ಎರಡು ಪೆನಾಲ್ಟಿ ಕಳೆದುಕೊಂಡು 2-1ರಿಂದ ಸೋತರು. ಆಗ ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿಯಲ್ಲಿ ನಮ್ಮ ತಂಡದ ಹೆಸರು ಮೈಸೂರು ಅಂತಲೇ ಇತ್ತು, ಆ ಹೆಸರಲ್ಲಿ ನಾಲ್ಕು ಸಲ ಗೆದ್ದಿದ್ದೇವೆ. ಆಮೇಲೆ 54 ವರ್ಷ ಕಾದು 2023ರಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮತ್ತೆ ಗೆದ್ದಿತು. ಪುಟ್ಟ ಕಾಯುತ್ತಿರುವುದು ಕೆಲವೇ ತಿಂಗಳಿಂದ.

ಎಲ್ಲರೂ ಛೆಟ್ರಿ ಆಗುತ್ತಾರೆ ಅಂತ ನಾನು ಹೇಳುವುದಿಲ್ಲ. ಬಹಳಷ್ಟು ಹುಡುಗರು ಆಗುವುದಿಲ್ಲ. ಫಾರ್ವರ್ಡ್‌ಗೆ ಮಂಡಿ, ತೊಡೆಯ ಹಿಂಭಾಗದ ಸ್ನಾಯು ಕೈಕೊಟ್ಟರೆ ಎರಡು ಹೆಜ್ಜೆಯ ವೇಗ ಹೋಗುತ್ತೆ, ಅದರ ಜೊತೆ ಅರ್ಧ ಆಟವೂ ಹೋಗುತ್ತೆ. ಅದಕ್ಕೇ ಓದು ಬೇಕೇ ಬೇಕು. ಪರೀಕ್ಷೆ ಮುಗಿಯುವವರೆಗೆ ವಾರಕ್ಕೆ ಮೂರು ಬೆಳಿಗ್ಗೆ ಸಾಕು. ಮಹಾರಾಜ ಕಾಲೇಜು ಮೈದಾನಕ್ಕೆ ಕಳಿಸಿ. ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನಕ್ಕೆ ಸುತ್ತು ಹಾಕಿದರೆ ಉಸಿರು ಬರುತ್ತೆ, ಫಾರ್ವರ್ಡ್‌ನ ಓಟ ಬರುವುದಿಲ್ಲ. ಹತ್ತು ಹದಿನೈದು ಮೀಟರ್‌ನ ಚುರುಕು ಓಟ, ನಿಲ್ಲು, ತಿರುಗು, ಮತ್ತೆ ಓಡು. ಎಡಗಾಲಿನಲ್ಲೂ ಗೋಡೆಗೆ ಹೊಡೆಯಲಿ. ದಿನಾ ಬೆಟ್ಟದ ಮೆಟ್ಟಿಲು ಹತ್ತಿ ಇಳಿಸಬೇಡಿ, ಬೆಳೆಯುವ ಮಂಡಿ ಅದು.

ಅಂದ ಹಾಗೆ ಚಿಕ್ಕವಳೂ ಅಣ್ಣನ ಚೆಂಡು ಒದೆಯುತ್ತಾಳೆ ಅಂದೆ. ಅವಳನ್ನು ಗೇಟಿನ ಹೊರಗೆ ನಿಲ್ಲಿಸಬೇಡಿ. ಮಣಿಪುರದ ಬಾಲಾದೇವಿ ಕೂಡ ಫಾರ್ವರ್ಡ್. 2020ರಲ್ಲಿ ಸ್ಕಾಟ್ಲೆಂಡಿನ ರೇಂಜರ್ಸ್ ತಂಡಕ್ಕೆ ಸಹಿ ಹಾಕಿ, ವಿದೇಶದಲ್ಲಿ ವೃತ್ತಿಪರ ಒಪ್ಪಂದ ಪಡೆದ ಭಾರತದ ಮೊದಲ ಮಹಿಳಾ ಫುಟ್ಬಾಲ್ ಆಟಗಾರ್ತಿಯಾದರು. ಚಿಕ್ಕವಳಿಗೂ ಒಂದು ಜೊತೆ ಬೂಟು ಬೇಕಾಗುತ್ತೆ.

ಭಾವ, ಈ ಭಾನುವಾರ ನೀವೇ ಅವನನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ. ಎಷ್ಟು ಗೋಲು ಅಂತ ಕೇಳಬೇಡಿ, ಬದಿಯಲ್ಲಿ ನಿಂತು ಎಷ್ಟು ಓಡಿದ ಅಂತ ನೋಡಿ. ಪರೀಕ್ಷೆ ಮುಗಿದ ಮೇಲೆ ಬೆಂಗಳೂರು ಎಫ್‌ಸಿ ಪಂದ್ಯ ಇರುವ ದಿನ ನೋಡಿ ಇಬ್ಬರು ಮಕ್ಕಳನ್ನೂ ಕಂಠೀರವಕ್ಕೆ ಕರೆದೊಯ್ಯಿರಿ, ಟಿಕೆಟ್ ದುಡ್ಡು ನನ್ನದು. ಅಕ್ಕ, ಇಬ್ಬರ ಪಾದವನ್ನೂ ಕಾಗದದ ಮೇಲಿಟ್ಟು ಗೆರೆ ಎಳೆದು ಫೋಟೊ ಕಳಿಸು, ಸೆಂಟಿಮೀಟರ್ ಪಕ್ಕದಲ್ಲಿ ಬರೆ. ನಮ್ಮ ಆಫೀಸಿನವರೊಬ್ಬರು ಮುಂದಿನ ತಿಂಗಳು ಮೈಸೂರಿಗೆ ಬರುತ್ತಿದ್ದಾರೆ, ಅವರ ಕೈಲಿ ಬೂಟು ಕಳಿಸುತ್ತೇನೆ.

ಇಂತಿ,
ನಿನ್ನ ತಮ್ಮ