‘ಮಾಂಸದ ಗೋಡೆ’ ಎಂದದ್ದು ಸರಿಯಲ್ಲ

ಮಾನ್ಯರೇ,

ಅಮೆರಿಕನ್ ಫುಟ್‌ಬಾಲ್‌ನ ಎನ್‌ಎಫ್‌ಎಲ್ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಬರಹವನ್ನು ಓದಿದೆ. ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್‌ಗೆ ಮೂರು ಕಾಲಂ, ಮಧ್ಯಂತರದ ಹಾಡು ಕುಣಿತಕ್ಕೆ ದೊಡ್ಡ ಚಿತ್ರ. ಅವನ ಮೇಲೆ ಮುಗಿಬೀಳುವ ಡಿಫೆನ್ಸಿವ್ ಲೈನ್ ಆಟಗಾರರಿಗೆ ಸಿಕ್ಕಿದ್ದು ಎರಡೇ ಪದ: ‘ಮಾಂಸದ ಗೋಡೆ’. ನಮ್ಮ ಕಬಡ್ಡಿಯಲ್ಲೂ ಅಷ್ಟೇ ಬಿಡಿ, ರೈಡರ್‌ನ ಹೆಸರು ಎಲ್ಲರ ಬಾಯಲ್ಲಿ, ಕಾಲು ಹಿಡಿದು ಕೆಡವಿದವನನ್ನು ಕೇಳುವವರಿಲ್ಲ. ಆದರೆ ಆ ಗೋಡೆಗಳಲ್ಲೊಂದು ಮುಂದೆ ನ್ಯಾಯಪೀಠವನ್ನೇ ಏರಿತು. ಮೂವತ್ತು ವರ್ಷ ಕರಿಕೋಟು ತೊಟ್ಟ ನನಗೆ ಸುಮ್ಮನಿರಲು ಆಗಲಿಲ್ಲ.

ಅಲನ್ ಪೇಜ್ ಹುಟ್ಟಿದ್ದು 1945ರಲ್ಲಿ, ಒಹಾಯೊ ರಾಜ್ಯದ ಕ್ಯಾಂಟನ್‌ನಲ್ಲಿ. ಅದು ಉಕ್ಕಿನ ಕಾರ್ಖಾನೆಗಳ ಊರು. ಶ್ರೇಷ್ಠ ಆಟಗಾರರನ್ನು ಗೌರವಿಸುವ ವೃತ್ತಿಪರ ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಕಟ್ಟಡ ಅಲ್ಲಿ ಏಳುತ್ತಿದ್ದಾಗ ಹದಿಹರೆಯದ ಪೇಜ್ ಅದರ ಕಾಮಗಾರಿಯಲ್ಲಿ ಕೂಲಿ ಮಾಡಿದ್ದರು. 1988ರಲ್ಲಿ ಅವರದೇ ಕಂಚಿನ ಪ್ರತಿಮೆ ಆ ಕಟ್ಟಡದೊಳಗೆ ಬಂದು ಕುಳಿತಿತು.

1967ರಲ್ಲಿ ಮಿನೆಸೋಟಾ ವೈಕಿಂಗ್ಸ್ ತಂಡ ಸೇರಿದ ಪೇಜ್ ಅವರ ಬಲವೆಂದರೆ ಮೈಭಾರವಲ್ಲ, ಚುರುಕು. ಚೆಂಡು ಅಲುಗಿತೋ ಇಲ್ಲವೋ, ತಡೆಯಬೇಕಾದವನು ಕಾಲೂರುವ ಮೊದಲೇ ಅವನನ್ನು ದಾಟಿರುತ್ತಿದ್ದರು. 1971ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿದರು. ರಕ್ಷಣಾ ವಿಭಾಗದವರೊಬ್ಬರಿಗೆ ಆ ಗೌರವ ಸಂದದ್ದು ಅದೇ ಮೊದಲು. ಅಲ್ಲಿಂದೀಚೆಗೆ ಅದನ್ನು ಪಡೆದ ಇನ್ನೊಬ್ಬ ರಕ್ಷಣಾ ಆಟಗಾರ 1986ರ ಲಾರೆನ್ಸ್ ಟೇಲರ್ ಮಾತ್ರ. ನಾಲ್ಕು ಸೂಪರ್ ಬೌಲ್ ಆಡಿದ ಪೇಜ್ ನಾಲ್ಕನ್ನೂ ಸೋತರು ಎಂಬುದನ್ನೂ ಹೇಳಿಬಿಡಬೇಕು.

ನನಗೆ ಹೆಚ್ಚು ಹಿಡಿಸುವುದು ಅವರ ಓದಿನ ಕಥೆ. ಮೊದಲ ಸಲ ಕಾನೂನು ಕಾಲೇಜಿಗೆ ಸೇರಿ ಕೆಲವೇ ವಾರಗಳಲ್ಲಿ ಬಿಟ್ಟಿದ್ದರು. ಮತ್ತೆ ಸೇರಿ, ಆಡುತ್ತಲೇ ಓದಿ, 1978ರಲ್ಲಿ ಮಿನೆಸೋಟಾ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಅಷ್ಟರಲ್ಲಿ ದೂರದ ಓಟದ ಹುಚ್ಚು ಹತ್ತಿ ಮೈ ಇಳಿದಿತ್ತು. ಇಷ್ಟು ತೆಳ್ಳಗಾದವರು ಲೈನ್‌ನಲ್ಲಿ ನಿಲ್ಲಲಾರರು ಎಂದು ತರಬೇತುದಾರರಿಗೆ ಅನ್ನಿಸಿತು. ಪದವಿ ಸಿಕ್ಕ ವರ್ಷವೇ ತಂಡ ಅವರನ್ನು ಕೈಬಿಟ್ಟಿತು. ಅವರನ್ನು ಸೇರಿಸಿಕೊಳ್ಳಲು ಷಿಕಾಗೊ ಬೇರ್ಸ್ ಎಂಬ ಇನ್ನೊಂದು ತಂಡ ಕಟ್ಟಿದ ಶುಲ್ಕ 100 ಡಾಲರ್! ಬೇಡವಾದ ಆ ಆಟಗಾರ 1981ರವರೆಗೂ ಆಡಿದರು. ನಡುವೆ 1979ರಲ್ಲಿ ಮ್ಯಾರಥಾನ್ ಕೂಡ ಓಡಿ ಮುಗಿಸಿದರು.

1992ರಲ್ಲಿ ಅವರು ಮಿನೆಸೋಟಾ ಸುಪ್ರೀಂ ಕೋರ್ಟ್‌ನ ಸ್ಥಾನಕ್ಕೆ ನಿಲ್ಲಹೊರಟರು. ಹೆಸರಿಗೆ ಸುಪ್ರೀಂ ಆದರೂ ಅದು ನಮ್ಮ ಲೆಕ್ಕದಲ್ಲಿ ಹೈಕೋರ್ಟ್ ಇದ್ದಂತೆ, ಆದರೆ ಅಲ್ಲಿ ನ್ಯಾಯಮೂರ್ತಿಗಳನ್ನು ಜನರೇ ಆರಿಸುತ್ತಾರೆ. ಹಾಲಿ ನ್ಯಾಯಮೂರ್ತಿಯ ಅವಧಿಯನ್ನು ಗವರ್ನರ್ ವಿಸ್ತರಿಸಿದ್ದರಿಂದ ಚುನಾವಣೆಯೇ ತಪ್ಪುವ ಹಾಗಾಯಿತು. ಪೇಜ್ ದಾವೆ ಹೂಡಿದರು, ದಾವೆಯನ್ನೂ ಗೆದ್ದರು, ಚುನಾವಣೆಯನ್ನೂ ಗೆದ್ದರು. ಪೀಠಕ್ಕೆ ಬರುವ ಮೊದಲೇ ಪೀಠದ ದಾರಿಯನ್ನು ವಾದ ಮಾಡಿ ತೆರೆಸಿಕೊಂಡ ಇಂಥ ಪ್ರಕರಣ ಬೇರೆಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ನ್ಯಾಯಾಲಯದ ಮೊದಲ ಕಪ್ಪು ನ್ಯಾಯಮೂರ್ತಿಯಾಗಿ, 70 ತುಂಬಿ ಕಡ್ಡಾಯ ನಿವೃತ್ತಿ ಬರುವವರೆಗೆ, ಅಂದರೆ 2015ರವರೆಗೆ ಕುಳಿತರು.

ತಮ್ಮ ಜೊತೆಗಾರರಲ್ಲಿ ಕೆಲವರಿಗೆ ತಂಡದ ತಂತ್ರಗಳ ಪುಸ್ತಕವನ್ನು ಓದಲು ಬರುತ್ತಿರಲಿಲ್ಲ ಎಂಬುದು ಪೇಜ್ ಅವರನ್ನು ಕಾಡಿದ ಸಂಗತಿ. ಅವರೆಲ್ಲ ಕಾಲೇಜು ದಾಟಿ ಬಂದವರು! ಹಾಲ್ ಆಫ್ ಫೇಮ್ ಸಮಾರಂಭದಲ್ಲಿ ತಮ್ಮನ್ನು ಪರಿಚಯಿಸಲು ಅವರು ಹಳೆಯ ಕೋಚ್‌ನನ್ನು ಕರೆಯಲಿಲ್ಲ, ಮಿನಿಯಾಪೊಲಿಸ್‌ನ ಶಾಲೆಯೊಂದರ ಪ್ರಾಂಶುಪಾಲೆಯನ್ನು ಕರೆದರು. ಅದೇ ವರ್ಷ ಪತ್ನಿ ಡಯಾನ್ ಜೊತೆ ಕಟ್ಟಿದ ಪೇಜ್ ಎಜುಕೇಶನ್ ಫೌಂಡೇಶನ್ ವಿದ್ಯಾರ್ಥಿವೇತನ ಕೊಡುತ್ತದೆ, ಒಂದು ಕರಾರಿನ ಮೇಲೆ: ಹಣ ಪಡೆದವರು ಚಿಕ್ಕ ಮಕ್ಕಳ ಪಕ್ಕದಲ್ಲಿ ಕುಳಿತು ಪಾಠ ಹೇಳಿಕೊಡಬೇಕು.

ಮಗಳ ಮನೆಗೆಂದು ಮಿನಿಯಾಪೊಲಿಸ್‌ಗೆ ಹೋಗಿದ್ದಾಗ ಅಕ್ಟೋಬರಿನ ಮ್ಯಾರಥಾನ್ ನೋಡಲು ರಸ್ತೆಬದಿ ನಿಂತಿದ್ದೆ. ಮೈಸುತ್ತ ಬಳಸಿದ ಸೂಸಾಫೋನ್ ಎಂಬ ಭಾರಿ ಹಿತ್ತಾಳೆ ವಾದ್ಯವನ್ನು ಊದುತ್ತಾ ವಯಸ್ಸಾದ ಒಬ್ಬರು ಓಟಗಾರರನ್ನು ಹುರಿದುಂಬಿಸುತ್ತಿದ್ದರು. ಒಂದು ಕೈಯ ಕಿರುಬೆರಳು ಉಳಿದವುಗಳ ಸಾಲಿನಲ್ಲಿರದೆ ಪಕ್ಕಕ್ಕೆ ಅಡ್ಡಡ್ಡ ಚಾಚಿಕೊಂಡಿತ್ತು. ಆಟದಲ್ಲಿ ಮತ್ತೆ ಮತ್ತೆ ಕೀಲು ತಪ್ಪಿದ ಬೆರಳಂತೆ. ಅವರು ಯಾರೆಂದು ಮಗಳು ಹೇಳಿದ ಮೇಲೆ ನಾನು ಓಟಗಾರರನ್ನು ನೋಡಲೇ ಇಲ್ಲ.

ಕೊನೆಗೊಂದು ತಿದ್ದುಪಡಿ. ಬರಹದ ಕೆಳಗೆ ‘ಸಾರ್ವಕಾಲಿಕ ಸ್ಯಾಕ್ ಸಾಧಕರು’ ಎಂಬ ಪಟ್ಟಿ ಕೊಟ್ಟಿದ್ದೀರಿ. ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡಿನ ಸಮೇತ ಕೆಡವುವ ಈ ಲೆಕ್ಕವನ್ನು ಲೀಗ್ ಅಧಿಕೃತವಾಗಿ ಇಡತೊಡಗಿದ್ದು 1982ರಿಂದ. ಅದರ ಹಿಂದಿನ ವರ್ಷವೇ ಆಟ ಮುಗಿಸಿದ ಪೇಜ್ ಅವರ ಒಂದೇ ಒಂದು ಸ್ಯಾಕ್ ಕೂಡ ಅಧಿಕೃತ ಪಟ್ಟಿಯಲ್ಲಿಲ್ಲ. ‘1982ರಿಂದೀಚೆಗೆ’ ಎಂದು ಸೇರಿಸಿ ಆ ಪಟ್ಟಿಯನ್ನು ಮರುಮುದ್ರಿಸಬೇಕಾಗಿ ವಿನಂತಿ.

– ನಿವೃತ್ತ ವಕೀಲ, ಶಿವಮೊಗ್ಗ