ತಟ್ಟೆ ಬಡಿಯುತ್ತಿದ್ದ ಹುಡುಗಿ

ಪ್ರೀತಿಯ ಕೂಸೇ,

ಭಾನುವಾರ ರಾತ್ರಿ ಬಸ್ಸು ಹತ್ತುವಾಗ ನೀನು ನನ್ನ ಮುಖ ನೋಡಲಿಲ್ಲ. ನಾನೂ ಕೈ ಬೀಸಲಿಲ್ಲ. ಜಗಳದಲ್ಲಿ ಯಾರು ಏನೆಂದರು ಎಂಬುದು ಇಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ನೀನು ಹೇಳಿದಂತೆ ಯಕ್ಷಗಾನದ ಬಬ್ರುವಾಹನನ ವೇಷದಲ್ಲಿರುವ ನಿನ್ನ ಫೋಟೊವನ್ನು ವಾಟ್ಸ್ಆ್ಯಪ್‌ನಿಂದ ತೆಗೆದಿದ್ದೇನೆ. ಗೋಡೆಯ ಮೇಲಿನದನ್ನು ಮಾತ್ರ ತೆಗೆಯಲಾರೆ. ತಲೆಗೆ ಕೇದಗೆ ಮುಂದಲೆ ಕಟ್ಟಿಕೊಂಡು ನೀನು ಮಂಡಿ ಹಾಕಿ ಕುಣಿದಾಗ ಅಜ್ಜ ಶಾಲಿನ ತುದಿಯಿಂದ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ.

"ಹಾಸ್ಟೆಲ್‌ನಲ್ಲಿ ಯಾರಿಗೂ ಇದು ಗೊತ್ತಾಗಬಾರದು" ಎಂದೆಯಲ್ಲ, ನನಗೆ ಅಷ್ಟು ಸಿಟ್ಟು ಬಂದದ್ದು ಯಕ್ಷಗಾನದ ಅಭಿಮಾನದಿಂದಲ್ಲ.

1996ರ ಮಾರ್ಚ್ 9. ನಾನು ಧಾರವಾಡದ ಹಾಸ್ಟೆಲ್‌ನಲ್ಲಿದ್ದೆ. ಬೆಂಗಳೂರಿನಲ್ಲಿ ಭಾರತ–ಪಾಕಿಸ್ತಾನದ ವಿಶ್ವಕಪ್ ಕ್ವಾರ್ಟರ್‌ಫೈನಲ್. ಇಡೀ ಹಾಸ್ಟೆಲ್ ಟಿವಿ ಕೋಣೆಯಲ್ಲಿತ್ತು. ನನಗೆ ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. ನನ್ನ ಗುಂಪಿನವರಿಗೆ ಅದೇ ಊಟ, ಅದೇ ನಿದ್ದೆ. ಆಟಗಾರರ ಹೆಸರುಗಳನ್ನು ಉರು ಹೊಡೆದು ನಾನೂ ಅಭಿಮಾನಿಯಾಗಿದ್ದೆ. ಅಜ್ಜನ ಜೊತೆ ಗುಣವಂತೆ, ಇಡಗುಂಜಿ ಎಂದು ಬೆಳಗಿನವರೆಗೆ ಯಕ್ಷಗಾನದ ಆಟ ನೋಡುತ್ತ ಬೆಳೆದವಳೆಂದು ಯಾರಿಗೂ ಹೇಳಿರಲಿಲ್ಲ. ವೆಂಕಟೇಶ್ ಪ್ರಸಾದ್ ಆಮಿರ್ ಸೊಹೈಲ್‌ನ ಸ್ಟಂಪ್ ಹಾರಿಸಿದಾಗ ಎಲ್ಲರೂ ಎದ್ದು ಕಿರುಚಿದರು. ಔಟಾದವನು ಯಾರೆಂದು ತಿಳಿಯದೆ ನಾನೂ ಕಿರುಚಿದೆ. ಗದ್ದಲ ಇಳಿದ ಮೇಲೆ ಹಿಂದಿನಿಂದ ಒಂದು ಸದ್ದು. ಕಿಟಕಿಯ ಬಳಿ ಕುಳಿತ ಹುಡುಗಿಯೊಬ್ಬಳು ಸ್ಟೀಲ್ ತಟ್ಟೆಯ ಮೇಲೆ ಬೆರಳಾಡಿಸುತ್ತಿದ್ದಳು. ಯಕ್ಷಗಾನದ ತಿತ್ತಿತ್ತೈ ತಾಳ. ನಿದ್ದೆಯಲ್ಲಿ ಕೇಳಿದರೂ ನನಗೆ ಗುರುತು ಸಿಗುವಂಥದ್ದು. ತಿರುಗಿ ನೋಡಿದೆ, ಅವಳೂ ನೋಡಿದಳು. ನನ್ನ ಕಾಲು ಆಗಲೇ ತಾಳ ಹಾಕುತ್ತಿತ್ತು. ಅವಳಿಗೆ ಕಂಡಿತೋ ಇಲ್ಲವೋ. ಪಕ್ಕದವಳು "ಅದೇನು ತಟ್ಟೆ ಬಡಿಯುವುದು!" ಎಂದು ನಕ್ಕಳು. ನಾನೂ ನಕ್ಕೆ. ಬೆರಳು ನಿಂತಿತು.

ಆಮೇಲೆ ಎರಡು ವರ್ಷ ಅವಳು ನನ್ನ ಕೋಣೆಯಿಂದ ಎರಡೇ ಬಾಗಿಲು ಆಚೆ ಇದ್ದಳು. ಒಂದು ಮಾತೂ ಆಡಲಿಲ್ಲ. ಅಂದು ಭಾರತ 39 ರನ್‌ಗಳಿಂದ ಗೆದ್ದಿತು. ನನ್ನ ಗುಂಪಿನವರು ಈಗ ಎಲ್ಲೆಲ್ಲಿದ್ದಾರೋ, ಒಬ್ಬಳ ಫೋನ್ ನಂಬರೂ ನನ್ನ ಬಳಿ ಇಲ್ಲ.

ಯಾರೊಂದಿಗೂ ಹೊಂದಿಕೊಳ್ಳಬೇಡ ಎನ್ನುತ್ತಿಲ್ಲ. ಆದರೆ ಅರ್ಥವಾಗದ ಜೋಕಿಗೆ ನಗಬೇಡ. ಎಣ್ಣೆ ವಾಸನೆ ಎಂದು ಯಾರೋ ಮೂಗು ಮುಚ್ಚಿಕೊಂಡರೆ ತಲೆಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಅಪ್ಪೆಹುಳಿ ಎಂದರೇನು ಎಂದು ಕೇಳಿದರೆ ನಾಚಬೇಡ, ಮಾಡಿ ಬಡಿಸು. ಬೇರೆಯವಳು ಒಬ್ಬಂಟಿಯಾಗಿ ಕುಳಿತಿದ್ದರೆ... ನೋಡು, ಭಾಷಣ ಶುರುವಾಯಿತು. ನಿನ್ನಪ್ಪ ಪಕ್ಕದಿಂದ "ಸಾಕು ಮಾಡು" ಎನ್ನುತ್ತಿದ್ದಾರೆ.

ಅಷ್ಟಕ್ಕೂ ಇದನ್ನೆಲ್ಲ ಹೇಳಲು ನನಗೆ ಬಾಯಿ ಎಲ್ಲಿದೆ? ಜೂನ್‌ನಲ್ಲಿ ಹಾಸ್ಟೆಲ್ಲಿನ ಗೇಟಿನ ಬಳಿ ನಿನ್ನ ಜಡೆ ಸರಿಮಾಡುತ್ತ, "ಎಲ್ಲರ ಹಾಗೆ ಇರು, ನಮ್ಮೂರ ಮಾತು ಆಡಬೇಡ, ನಗುತ್ತಾರೆ" ಎಂದವಳು ನಾನೇ. ನೀನು ಚಾಚೂ ತಪ್ಪದೆ ಅದನ್ನೇ ಮಾಡಿದೆ. ಅದಕ್ಕೇ ಬೈಸಿಕೊಂಡೆ. ತಪ್ಪು ನನ್ನದು ಕೂಸೇ.

ತೊಡೆದೇವು ಮುರಿಯದಂತೆ ಡಬ್ಬಿಗೆ ಹಾಕಿ ಪಾರ್ಸೆಲ್ ಮಾಡಿದ್ದೇನೆ. ಗೆಜ್ಜೆ ಇಟ್ಟು, ತೆಗೆದು, ಮತ್ತೆ ಇಟ್ಟು, ಕೊನೆಗೆ ಕಳಿಸಲಿಲ್ಲ. ಬೇಕಾದರೆ ಕೇಳು. ರಾತ್ರಿ ಹೊತ್ತು ಸ್ವೆಟರ್ ಹಾಕಿಕೋ. ಗುರುವಾರದೊಳಗೆ ಫೋನ್ ಮಾಡು. ಮಾಡದಿದ್ದರೆ ನಾನೇ ಮಾಡುತ್ತೇನೆ.

ನಿನ್ನ,
ಆಯಿ